ಆರನೆಯ ಅಧ್ಯಾಯದ ತಾಳಮದ್ದಳೆ

ಹೊಸ ರಾಜ್ಯ ಹುಟ್ಟಿದಾಗ ಕಾಸರಗೋಡಿನ ಕೆಲವು ಗುಮಾಸ್ತರನ್ನು ತಿರುವನಂತಪುರಕ್ಕೆ ಸಾಗಹಾಕಿದರು. ಅವರಲ್ಲಿ ನಾನೊಬ್ಬ. ಹಗಲು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದು, ಸಂಜೆ ಮಲಯಾಳದಲ್ಲಿ ಚಹಾ ಕೇಳಿ, ಉಳಿದ ಹೊತ್ತಿನಲ್ಲಿ ಕನ್ನಡದ ಉದ್ಧಾರಕ್ಕೆಂದು ಒಂದು ಕಾದಂಬರಿ ಬರೆದೆ. ಕನ್ನಡ ಅದನ್ನು ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಮಂಗಳೂರಿನ ಪ್ರಕಾಶಕರೊಬ್ಬರು ಕನ್ನಡ ಶಾಲೆಗಳ ಪಠ್ಯಪುಸ್ತಕದ ಕೆಲಸಕ್ಕೆ ಆಗಾಗ ತಿರುವನಂತಪುರಕ್ಕೆ ಬರುತ್ತಿದ್ದರು. ನನ್ನ ಹಸ್ತಪ್ರತಿ ಓದಿ, ನಮ್ಮ ಮನೆಯ ಜಗಲಿಯಲ್ಲೇ ಕೂತು ತೀರ್ಪು ಕೊಟ್ಟರು.

"ಕಥೆ ಒಳ್ಳೇದುಂಟು. ಆದ್ರೆ ಆರನೆಯ ಅಧ್ಯಾಯ, ಆ ಹೆಣ್ಣು ನೋಡುವುದು, ಅದ್ರಲ್ಲಿ ಮೊದಲು ಹುಡುಗಿಯ ಅಪ್ಪನ ತಲೆಯೊಳಗೆ ಹೋಗ್ತೀರಿ. ನಾಲ್ಕು ಸಾಲು ಆಗುವಾಗ ಹುಡುಗನ ತಲೆ. ಮತ್ತೆ ಅವನ ಸೋದರಮಾವನ ತಲೆ. ಕೊನೆಗೆ ಹಟ್ಟಿಯ ಎಮ್ಮೆಗೂ ಬೇಜಾರಾಯ್ತು ಅಂತ ಬರ್ದಿದ್ದೀರಿ. ನೋಡುವವರು ಯಾರು ಮಾರಾಯ್ರೇ? ಯಾರಾದ್ರೂ ಒಬ್ಬರನ್ನು ಹಿಡ್ಕೊಳ್ಳಿ. ಮಳೆಗಾಲದ ಮೊದಲು ಇನ್ನೊಮ್ಮೆ ಬರ್ತೇನೆ. ಸರಿಯಾಗಿದ್ರೆ ಅಚ್ಚಿಗೆ, ಇಲ್ಲದಿದ್ರೆ ನಿಮಗೇ."

ಎಮ್ಮೆಯನ್ನು ಅಂದೇ ಹಟ್ಟಿಯಿಂದ ಬಿಟ್ಟುಬಿಟ್ಟೆ. ಉಳಿದವರು ಬಿಡಲಿಲ್ಲ. ಒಂದು ಪುಟದಲ್ಲಿ ಹೊಡೆದುಹಾಕಿದ ತಲೆ ಮುಂದಿನ ಪುಟದಲ್ಲಿ ಎದ್ದು ನಮಸ್ಕಾರ ಹೇಳುತ್ತಿತ್ತು. ಬೇಸಿಗೆ ಬಂತು, ಅಧ್ಯಾಯ ಅಲ್ಲೇ ಇತ್ತು.

ನನ್ನ ಹೆಂಡತಿಯ ಅಣ್ಣ, ನನಗೆ ಭಾವ, ಫೋರ್ಟ್ ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ವಿಷುವಿನ ರಜೆಗೆ ನಾವಿಬ್ಬರೂ ಅಲ್ಲಿಗೆ ಹೋದಾಗ ಅವನು ಊರ ಮದ್ದು ಹೇಳಿದ. "ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು. ಆದ್ರೆ ಅವರವರ ಪಾತ್ರದ ಮಾತು ಅವರವರೇ ಹೇಳ್ಬೇಕು, ಹೌದಾ ಅಲ್ವಾ? ನಿನ್ನ ಅಧ್ಯಾಯವನ್ನೂ ಹಾಗೆ ಕೂರಿಸುವ. ನೀನು ಓದು. ಇನ್ನೊಬ್ಬನ ತಲೆಗೆ ಕೈ ಹಾಕಿದ್ರೆ ನಾನು ತಾಳ ಹೊಡೀತೇನೆ."

ಚಾಪೆ ಹಾಸಿ ಸಭೆ ಸೇರಿತು. ಹುಡುಗಿಯ ಅಪ್ಪನ ಪಾತ್ರ ಎರ್ನಾಕುಳದಿಂದ ಬೋಟಿನಲ್ಲಿ ಬಂದ ನಮ್ಮೂರಿನ ವಕೀಲರಿಗೆ, ಸೋದರಮಾವನದು ಭಾವನಿಗೆ, ಹುಡುಗನದು ನನಗೇ. ಹುಡುಗಿ ನನ್ನ ಹೆಂಡತಿ. ನಾನು ಗಂಟಲು ಸರಿಪಡಿಸಿಕೊಂಡು ಶುರುಮಾಡಿದೆ: "ಗೋಡೆಯ ಬಿರುಕು ಯಾರಿಗೂ ತಿಳಿಯಬಾರದೆಂದು ಅಪ್ಪ ಅದಕ್ಕೆ ಒರಗಿ ನಿಂತಿದ್ದ..."

"ತಿಳಿಯಬಾರದು ಅಂತಲೇ ನಾನು ನಿಂತದ್ದು," ವಕೀಲರು ಎದ್ದರು. "ಅದನ್ನು ಸಭೆಗೆಲ್ಲ ನೀನೇ ಸಾರಿದ್ರೆ ನಾನು ನಿಂತು ಎಂತ ಪ್ರಯೋಜನ?"

ತಾಳ ಬಿತ್ತು. "ಸೋದರಮಾವನಿಗೆ ಇನ್ನೊಂದು ತಿಂಡಿ ತೆಗೆದುಕೊಳ್ಳುವ ಆಸೆ..." ಎಂದು ಮುಂದುವರಿಸಿದೆ.

"ಆಸೆ ಇದ್ರೆ ನಾನೇ ತಕ್ಕೊಳ್ತೇನೆ," ಎಂದು ಭಾವ ತಾಳ ಹೊಡೆದು, ತಟ್ಟೆಯ ಕೊನೆಯ ಪಳಂಪೊರಿಯನ್ನು ಬಾಯಿಗೆ ಹಾಕಿಕೊಂಡ. ಬಾಳೆಹಣ್ಣಿನ ಆ ಬಜ್ಜಿಯ ಮೇಲೆ ನನಗೂ ಕಣ್ಣಿತ್ತು. ಆದರೆ ಬರೆದವನ ಪಾತ್ರವನ್ನು ಯಾರಿಗೂ ಹಂಚಿರಲಿಲ್ಲವಾದ್ದರಿಂದ ಅದನ್ನು ಹೇಳುವ ಅಧಿಕಾರ ಆಗ ಯಾರಿಗೂ ಇರಲಿಲ್ಲ.

ಹೀಗೆ ತಾಳ ಬೀಳುತ್ತಾ, ನಗು ಬೀದಿಯವರೆಗೆ ಕೇಳುತ್ತಾ ಅಧ್ಯಾಯ ಮುಗಿಯಲು ಬಂತು. ಹೆಂಡತಿ ಕೇಳಿದಳು, "ನನ್ನ ಮಾತು ಯಾವಾಗ?"

"ನೀನು ಕಾಫಿ ಕೊಟ್ಟು ತಲೆ ತಗ್ಗಿಸಿ ನಿಲ್ತೀ."

"ಮತ್ತೆ?"

"ಮತ್ತೆ ಒಳಗೆ ಹೋಗ್ತೀ."

"ಎಲ್ಲರ ವಿಚಾರಣೆ ಆಯ್ತು," ವಕೀಲರು ಹಣೆ ಚಚ್ಚಿಕೊಂಡರು. "ಮುಖ್ಯ ಸಾಕ್ಷಿಯನ್ನೇ ಕರೆಯಲಿಲ್ಲ ಇವನು!"

"ತಲೆ ತಗ್ಗಿಸಿದವಳಿಗೆ ಕಾಣುವುದಾದರೂ ಎಂತ?" ನಾನು ವಾದಿಸಿದೆ.

"ಕಾಲು," ಅಂದಳು. "ನೀವು ನನ್ನನ್ನು ನೋಡ್ಲಿಕ್ಕೆ ಬಂದಾಗ ನಿಮ್ಮ ಮುಖ ಯಾರು ನೋಡಿದ್ದು? ಹೆಬ್ಬೆರಳನ್ನು ನೆಲಕ್ಕೆ ಕುಟ್ಟುತ್ತಾ ಇದ್ದಿರಿ. ಪಾಪ, ಇವರು ನನಗಿಂತ ಹೆಚ್ಚು ಹೆದರಿದ್ದಾರೆ ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ಹೋಯ್ತು. ನಿಮ್ಮ ಸೋದರಮಾವನ ಪಾದ ಆಗಲೇ ಬಾಗಿಲಿನ ಕಡೆಗೆ ತಿರುಗಿತ್ತು. ಅಪ್ಪ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟು ನಿಂತಿದ್ರು. ಹಾಗೆ ನಿಂತ್ರೆ ಅವರಿಗೆ ಒಳಗೆ ಪುಕಪುಕ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಲ್ವಾ ಅಣ್ಣ?"

ಭಾವ ತಾಳ ಹೊಡೆಯುವುದನ್ನು ಮರೆತಿದ್ದ. ಹೊಡೆಯಲು ಕಾರಣವೂ ಇರಲಿಲ್ಲ. ಅವಳು ಯಾರ ತಲೆಯೊಳಗೂ ಕಾಲಿಡದೆ ಮೂವರ ಮನಸ್ಸನ್ನೂ ತಂದು ಚಾಪೆಯ ಮೇಲೆ ಇಟ್ಟಿದ್ದಳು.

ತಿರುವನಂತಪುರಕ್ಕೆ ಮರಳಿ ಇಡೀ ಅಧ್ಯಾಯವನ್ನು ಹುಡುಗಿಯ ತಗ್ಗಿದ ಕಣ್ಣಿನಿಂದ ಬರೆದೆ. ಬರೆಯುವಾಗ ನಾನೊಬ್ಬನೇ ನಗುವುದನ್ನು ಕೇಳಿ ನಾವು ಚೇಟ್ಟ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮಲಯಾಳಿ ಅಣ್ಣ ಬೇಲಿಯ ಮೇಲಿಂದ ಎರಡು ಸಲ ಇಣುಕಿದರು.

ಪ್ರಕಾಶಕರು ಹೇಳಿದಂತೆ ಬಂದರು. ಜಗಲಿಯಲ್ಲಿ ಅಧ್ಯಾಯ ಪೂರ್ತಿ ಓದಿದರು. ನಾನು ಕಂಬ ಹಿಡಿದು ನಿಂತಿದ್ದೆ.

"ಈಗ ಸರಿಯಾಯ್ತು," ಅಂದರು. "ಅಚ್ಚಿಗೆ ಕೊಡುವ. ಆದ್ರೆ ಈ ಕಾಲಿನ ಸಂಗತಿ ನಿಮ್ಮ ತಲೆಗೆ ಹೊಳೆದದ್ದಲ್ಲ, ಬೇಜಾರು ಮಾಡ್ಬೇಡಿ."

ನಾನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ಕೈ ತೋರಿಸಿದೆ.

"ಅಚ್ಚಿಗೆ ಕೊಡುವ ಮೊದಲು ಏಳನೆಯದನ್ನೂ ನೋಡಿಬಿಡಿ," ಅವಳು ಹೇಳಿದಳು. "ಅದರಲ್ಲಿ ಮದುಮಗಳು ಮೂರು ಪುಟ ಅಳ್ತಾಳೆ. ದಿಬ್ಬಣಕ್ಕೆ ಹೊತ್ತಾದಾಗ ಅಷ್ಟು ಅಳ್ಲಿಕ್ಕೆ ಯಾರಿಗೆ ಪುರುಸೊತ್ತುಂಟು?"

ಪ್ರಕಾಶಕರು ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳ್ಳಿ ಅಮ್ಮ, ಏಳನೆಯದು ತೆಗೆಯುವ." ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ಸ್ವಲ್ಪ ಕಾಫಿ ಆಗಬಹುದೇ ಎಂದು ಕೇಳಿದರು.