ಹದಿನಾರು ಪುಟದ ದೇಶ

ದೇಶವನ್ನು ಹದಿನಾರು ಪುಟದಲ್ಲಿ ಮುಗಿಸು ಎನ್ನುವವನಿಗೆ ದೇಶವೂ ಗೊತ್ತಿಲ್ಲ, ಪುಟವೂ ಗೊತ್ತಿಲ್ಲ. ನನ್ನ ಅಣ್ಣ ಅಂಥವನು. ಬಿಸಿಲೆ ಕಡೆಯ ನಮ್ಮ ಊರಿನಲ್ಲಿ ತೋಟದ ಮನೆಯನ್ನೇ ಹೋಂಸ್ಟೇ ಮಾಡಿ, ಗೋಡೆಗೆಲ್ಲ ಬಣ್ಣ ಬಳಿಸಿ, ಫಾರಿನ್ನಿನವರು ಬರುತ್ತಾರೆ ಎಂದು ಕುಣಿಯುತ್ತಿದ್ದ. ನಾನು ಬಾಳ್ಳುಪೇಟೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಭಾರತವನ್ನು ಪರಿಚಯಿಸುವ ಪುಸ್ತಿಕೆಯ ಕೆಲಸ ನನ್ನ ತಲೆಗೆ ಬಿತ್ತು.

"ಬರೋಕ್ ಮುಂಚೆನೇ ಅವ್ರಿಗೆ ಕಳ್ಸದು ಕಣೇ. ಓದ್ತಿದ್ದಂಗೇ ಬಾಯಲ್ಲಿ ನೀರೂರ್ಬೇಕು," ಎಂದ.

ಬರೆದೆ, ಇಂಗ್ಲಿಷಿನಲ್ಲಿ. ಸಿಂಧೂ ಬಯಲಿನಿಂದ ಹೊಯ್ಸಳರವರೆಗೆ ಮೂರು ಪುಟ. ಮೊಘಲರಿಗೆ ಒಂದೂವರೆ. ಬುದ್ಧನಿಗೆ ಅರ್ಧ ಪುಟ ಸಿಕ್ಕಿದ್ದೇ ಹೆಚ್ಚು, ಏಕೆಂದರೆ ಯೋಗಕ್ಕೆ ಎರಡು ಬೇಕೆಂದು ಅಣ್ಣನ ಹಟ. ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಕೆಂಪು ಗೀಟು ಎಳೆದು ಬಿಸಾಡುತ್ತಿದ್ದೆ. ನನ್ನದಾದ್ದರಿಂದ ಮತ್ತೆ ಮತ್ತೆ ಓದಿ ಖುಷಿಪಟ್ಟೆ. ಅಡುಗೆಯ ಪುಟದಲ್ಲಿ ಹೀಗೊಂದು ಸಾಲು: ಈ ದೇಶಕ್ಕೆ ವರ್ಷದ ಯಾವ ದಿನ ಬಂದರೂ ಸಾಸಿವೆ ಸಿಡಿಯುವ ಸದ್ದು, ಕರಿಬೇವಿನ ಘಮ ನಿಮ್ಮನ್ನು ಎದುರುಗೊಳ್ಳುತ್ತವೆ.

ಯಾವ ದಿನ ಬಂದರೂ! ನಮ್ಮೂರಿನಲ್ಲಿ ಹುಟ್ಟಿದವಳು ಬರೆಯುವ ಮಾತೇ ಅದು? ಬೇಸಿಗೆಯಲ್ಲಿ ಬರುವ ನಮ್ಮ ಸುಗ್ಗಿ ಹಬ್ಬಕ್ಕೆ ಊರಿಗೆ ದೇವರ ಕಟ್ಟು ಬಿತ್ತೆಂದರೆ ಹಸಿ ಕೊಂಬೆ ಕಡಿಯುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ, ಯಾವ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ. ಬೇಯಿಸಿದ್ದನ್ನು ಹಾಗೇ ತಿನ್ನಬೇಕು. ಅದನ್ನೂ ಒಂದು ಪ್ಯಾರಾ ಬರೆದಿದ್ದೆ. ಅಣ್ಣ ಹೊಡೆದು ಹಾಕಿಸಿದ.

"ಮಾಡಂಗಿಲ್ಲ, ತಿನ್ನಂಗಿಲ್ಲ ಅಂತ ಬರುದ್ರೆ ಯಾವನ್ ಬತ್ತಾನೆ? ತೆಗಿ ಅತ್ಲಾಗೆ."

ತೆಗೆದೆ. ಆ ಜಾಗದಲ್ಲಿ ಆನೆಯ ಚಿತ್ರ ಕೂತಿತು. ಬೆಳೆ ತುಳಿದು ಹೋಗುವ ಆನೆಯಲ್ಲ, ಹಣೆಗೆ ಬಣ್ಣ ಬಳಿದುಕೊಂಡ ಆನೆ.

ನಾಲ್ಕು ಜನ ವಿದೇಶೀಯರು ಸರಿಯಾಗಿ ಕಟ್ಟಿನ ದಿನಗಳಲ್ಲೇ ಬಂದಿಳಿದರು. ಬೇಸಿಗೆ ರಜೆಗೆ ನಾನೂ ಅಲ್ಲೇ ಇದ್ದೆ. ಒಳ್ಳೆಯ ಜನ ಎಂದು ಎಲ್ಲರೂ ಹೊಗಳಿದರು. ಇರಬಹುದು. ಸೌದೆ ಹೊರುವ ಹೆಂಗಸನ್ನು ನಿಲ್ಲಿಸಿ, ಹೊರೆ ಇಳಿಸಲೂ ಬಿಡದೆ ಫೋಟೋ ಹೊಡೆದುಕೊಳ್ಳುವ ಒಳ್ಳೆಯತನವನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೋಂಸ್ಟೇ ಅಣ್ಣನದಾದರೂ ಅಡುಗೆಯೆಲ್ಲ ಅತ್ತಿಗೆಯದು. ಅವಳಿಗೆ ಮಕ್ಕಳಾಗಲಿಲ್ಲ. ನಾಮಕರಣ, ಸೀಮಂತ ಎಂದರೆ ಊರಿನ ಹೆಂಗಸರು ಅವಳನ್ನು ನಯವಾಗಿ ಹಿಂದಕ್ಕೆ ಸರಿಸುತ್ತಿದ್ದರು. ಆದರೆ ಸುಗ್ಗಿಯ ಕೊನೆಯ ದಿನ ಊರದೇವರಿಗೆ ಮೊದಲ ಆರತಿ ನಮ್ಮ ಮನೆಯದು. ಅಮ್ಮ ತೀರಿಕೊಂಡ ಮೇಲೆ ತಟ್ಟೆ ಹಿಡಿಯುವುದು ಅತ್ತಿಗೆಯ ಪಾಲಿಗೆ ಬಂದಿತ್ತು. ಆ ಒಂದು ದಿನ ಅವಳು ಮುಂದೆ, ಊರೆಲ್ಲ ಹಿಂದೆ. ವಾರ ಮೊದಲೇ ಸೀರೆ ತೆಗೆದಿಟ್ಟು, ತಟ್ಟೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು.

ಎರಡನೇ ದಿನ ಮಧ್ಯಾಹ್ನ ಬಂದವರಲ್ಲೊಬ್ಬಳು ಪುಸ್ತಿಕೆ ಹಿಡಿದು ಅಡುಗೆಮನೆಗೇ ನುಗ್ಗಿದಳು. ನನ್ನ ಸಾಲಿನ ಮೇಲೆ ಬೆರಳಿಟ್ಟು, ಆ ಸದ್ದು ಎಲ್ಲಿ ಎಂದು ಕೇಳಿದಳು. ಮೊಬೈಲು ಸಿದ್ಧವಾಗಿತ್ತು. ಹಿಂದೆಯೇ ಅಣ್ಣ ಬಂದ.

"ಹಾಕೇ ಒಂದ್ ಒಗ್ಗರಣೆ."

"ಬ್ಯಾಡ ಕಣ್ರೀ, ಕಟ್ಟು ಐತೆ. ವಾಸ್ನೆ ಊರಿಗೆಲ್ಲ ಹೋಯ್ತದೆ," ಎಂದಳು ಅತ್ತಿಗೆ.

"ಒಂದ್ ಚಮಚ ಎಣ್ಣೆಗೆ ಏನಾಯ್ತದೆ? ಕಿಟ್ಕಿ ಹಾಕು. ಬಂದವ್ರ ಮುಂದೆ ನನ್ ಮರ್ಯಾದೆ ಕಳೀಬ್ಯಾಡ."

ಅತ್ತಿಗೆ ನನ್ನ ಮುಖ ನೋಡಿದಳು. ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಬರೆದದ್ದು ಸುಳ್ಳೆಂದು ನಾನೇ ಒಪ್ಪಿಕೊಳ್ಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ನಿಂತೆ. ಸಾಸಿವೆ ಸಿಡಿಯಿತು. ಬಂದವಳು ಚಪ್ಪಾಳೆ ತಟ್ಟಿದಳು.

ಸಂಜೆಯೊಳಗೆ ಊರ ಹಿರಿಯರು ಮೂವರು ಜಗಲಿಗೆ ಬಂದು ಕೂತರು. ಅಣ್ಣ ಏನೆಂದ ಗೊತ್ತೇ?

"ಹೆಂಗಸ್ರು ಒಳಗೆ ಏನ್ ಮಾಡ್ತಾರೋ ನಂಗೇನ್ ಗೊತ್ತು ಮಾರಾಯ್ರಾ?"

ಬಾಗಿಲ ಹಿಂದೆ ಅತ್ತಿಗೆಯೂ ನಾನೂ ನಿಂತು ಕೇಳಿಸಿಕೊಂಡೆವು. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅನಿಸಿದ್ದಷ್ಟೇ.

"ಒಗ್ಗರಣೆ ಹಾಕಿದ್ ಕೈ ಇನ್ಮೇಲೆ ಆರತಿ ಮುಟ್ಟಂಗಿಲ್ಲ," ಎಂದರು ಹಿರಿಯರಲ್ಲೊಬ್ಬರು. "ಆದ್ರೆ ಮನೆ ಆರತಿ ನಿಲ್ಲಂಗೂ ಇಲ್ಲ. ಮನೆ ಮಗಳು ಒಬ್ಳು ಇದಾಳಲ್ಲ, ಓದ್ಕಂಡೋಳು, ಅವಳೇ ಹಿಡೀಲಿ."

ಈ ಸಲಕ್ಕೆ ಮಾತ್ರವಲ್ಲ, ಇನ್ನು ಮೇಲೆ. ಓದಿಕೊಂಡವಳು ಹೊರಗೆ ಬಂದು, ತಪ್ಪು ನನ್ನದು, ಅಣ್ಣನದು ಎನ್ನಬೇಕಿತ್ತು. ಹೇಳಲಿಲ್ಲ. ಹಿರಿಯರ ಮೇಲೆ, ಅಣ್ಣನ ಮೇಲೆ, ಆ ಚಪ್ಪಾಳೆಯವಳ ಮೇಲೆ ಹಲ್ಲು ಕಡಿಯುತ್ತಾ ಕೂತೆ. ಹಲ್ಲು ಕಡಿಯುವುದು ಸುಲಭ, ಯಾರಿಗೂ ಕೇಳಿಸುವುದಿಲ್ಲ.

ಕೊನೆಯ ದಿನ ಅತ್ತಿಗೆಯೇ ಬತ್ತಿ ಹೊಸೆದಳು. ತಾನು ತೆಗೆದಿಟ್ಟಿದ್ದ ಸೀರೆಯನ್ನು ನನಗೆ ಉಡಿಸಿ, ನೆರಿಗೆ ಸರಿಮಾಡಿದಳು. ತಟ್ಟೆಯನ್ನು ಮುಟ್ಟಬಾರದೆಂದು ದೂರ ನಿಂತು, "ಹುಷಾರು ಕಣೇ, ಗಾಳಿ ಐತೆ," ಎಂದಳು. ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಬರಿಗಾಲಿನಲ್ಲಿ ಅಂಗಳಕ್ಕಿಳಿದೆ. ಹೆಂಗಸರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಇಷ್ಟು ವರ್ಷ ಅತ್ತಿಗೆಗೆ ಯಾಕೆ ಇದು ಅಷ್ಟು ಬೇಕಾಗಿತ್ತೆಂದು ಆಗ ತಿಳಿಯಿತು, ಏಕೆಂದರೆ ನನಗೂ ಹಿತವಾಯಿತು.