ಅತ್ತೆಯ ತಲೆಯೊಳಗಿನ ಫೋಟೋ

ನಮ್ಮ ಅತ್ತೆಯ ಬಾಯಿಗೆ ಇಡೀ ಗಜೇಂದ್ರಗಡ ಹೆದರುತ್ತಿತ್ತು ಎಂದರೆ ಹೆಚ್ಚಾದೀತು. ನಮ್ಮ ಓಣಿಯಂತೂ ಹೆದರುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಒಂದು ಮುಂಜಾನೆ ಆಕೆಗೆ ತಲೆ ತಿರುಗಿತು, ದನಿ ಒಡೆಯಿತು, ಕುಡಿದ ಚಹಾ ಮೂಗಿನಿಂದ ಹೊರಬಂತು. ಮೆದುಳಿನ ಬುಡಕ್ಕೆ ಲಕ್ವಾ ಹೊಡೆದಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಕೈಕಾಲು ನೆಟ್ಟಗಿದ್ದವು, ಗಂಟಲು ಮಾತ್ರ ನುಂಗುವುದನ್ನೇ ಮರೆತಿತ್ತು. ಮೂಗಿಗೆ ನಳಿಗೆ ಹಾಕಿ ಗಂಜಿ ಇಳಿಸಬೇಕಾಯಿತು.

ತಲೆಯಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡಲು ಒಂದು ಸ್ಕ್ಯಾನ್ ಮಾಡಿದರು. ಚಿತ್ರ ಬಣ್ಣಬಣ್ಣದ್ದು. ಕೆಂಪಿದ್ದಲ್ಲಿ ರಕ್ತ ಚೆನ್ನಾಗಿದೆ. ಬುಡಕ್ಕೆ ಹತ್ತಿಕೊಂಡೇ ಇರುವ ಹಿಂಭಾಗದ ಚಿಕ್ಕ ಮೆದುಳಿನ ಒಂದು ಮಗ್ಗಲು ಪೂರಾ ನೀಲಿ.

"ನೀಲಿ ಅಂದ್ರ ಸತ್ತೈತಿ ಅಂತಲ್ರಿ, ರಕ್ತ ಕಡಿಮಿ ಆಗೈತಿ," ಎಂದರು ಡಾಕ್ಟರು. "ನುಂಗೋದು ತಿರುಗಿ ಬರಬಹುದು. ಖಾತ್ರಿ ಹೇಳಾಕ ಬರಂಗಿಲ್ಲ."

ಊರಿಗೆ ಬಂದ ಮೇಲೆ, ಮಾತಾಡಿಸಲು ಬಂದವರಿಗೆಲ್ಲ ಮಾವ ಆ ಫಿಲ್ಮನ್ನು ಮದುವೆ ಆಲ್ಬಮ್ಮಿನಂತೆ ತೋರಿಸತೊಡಗಿದರು. ರಾಜೂರಿನ ಬೀಗರು ಅದನ್ನು ಕಿಟಕಿಗೆ ಹಿಡಿದು, "ಭಾಳ ಚಲೋ ಬಂದೈತ್ರಿ!" ಎಂದರು. ಅತ್ತೆ ಮಾತ್ರ ಅದನ್ನು ಕಂಡರೆ ಮುಖ ತಿರುವುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ನನ್ನನ್ನು ಕರೆದು ಗೊಗ್ಗರು ದನಿಯಲ್ಲಿ ಕೇಳಿದಳು:

"ಖರೇ ಹೇಳು. ನಾ ಮನಸಿನ್ಯಾಗ ಅಂದದ್ದೆಲ್ಲಾ ಇದರಾಗ ಬಂದೈತೇನು?"

ನನಗೂ ಕಿಡಿಗೇಡಿತನ. "ಎಲ್ಲಾ ಬಂದೈತ್ರಿ ಅತ್ತಿ," ಎಂದೆ.

"ಕೆಂಪಂದ್ರ ಸಿಟ್ಟೇನ? ಅದು ನಿನ್ನ ಮ್ಯಾಲಿಂದಲ್ಲ, ನಿನ್ನ ಮಾವನ ಮ್ಯಾಲಿಂದು."

ನಗು ತಡೆದುಕೊಂಡೆ. ಆಕೆ ಮತ್ತೆ ಫಿಲ್ಮಿನತ್ತ ಕಣ್ಣು ಹಾಯಿಸಿದಳು.

"ನಿನ್ನ ರೊಟ್ಟಿ ನನ್ನ ರೊಟ್ಟಿಗಿಂತ ಚಲೋ ಆಗ್ತಾವು. ಬಾಯಿಲೆ ಎಂದೂ ಅಂದಿಲ್ಲ, ಒಳಗ ಅಂದೀನಿ. ಅದೂ ಬಂದೈತಿಲ್ಲೋ ನೋಡು."

ರೊಟ್ಟಿ ದಪ್ಪ, ರೊಟ್ಟಿ ಸೀದಿದೆ ಎಂದು ವರ್ಷಗಟ್ಟಲೆ ಕೇಳಿದ ಕಿವಿ ನನ್ನದು. ನಗುವೆಲ್ಲ ಇಳಿದುಹೋಯಿತು. ಈಕೆ ಇನ್ನು ರೊಟ್ಟಿ ತಿನ್ನದೆಯೇ ಹೋದರೆ ಎಂದು ಮೊದಲ ಸಲ ಭಯವಾಯಿತು.

ಡಾಕ್ಟರು ಹೇಳಿಕೊಟ್ಟಂತೆ, ಗದ್ದವನ್ನು ಎದೆಗೆ ಹಚ್ಚಿ ನುಂಗುವ ರೂಢಿಯನ್ನು ದಿನಾ ಮಾಡಿಸಿದೆ. ಕೆಮ್ಮಿದಳು, ಚಮಚ ತಳ್ಳಿದಳು, ಬೈದಳು, ನಾನೂ ಬೈದೆ. ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದಾಗ ನೀಲಿ ಇದ್ದಲ್ಲಿ ಹಸಿರು ಮೂಡಿತ್ತು, ಎಂದರೆ ರಕ್ತ ತಿರುಗಿ ಹರಿಯತೊಡಗಿತ್ತು. ನುಂಗುವುದನ್ನು ಪರೀಕ್ಷಿಸಿ ನಳಿಗೆ ತೆಗೆದರು.

ಮನೆಯಲ್ಲಿ ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನುಣ್ಣಗೆ ಕಿವುಚಿ ಒಂದು ತುತ್ತು ಕೊಟ್ಟೆ. ಮಾವ ಉಸಿರು ಬಿಗಿಹಿಡಿದು ಆಕೆಯ ಗಂಟಲನ್ನೇ ನೋಡುತ್ತಿದ್ದರು.

"ಬಾಯಿ ತಗೀರಿ ಅತ್ತಿ," ಎಂದೆ.

ಅಗಲಕ್ಕೆ ತೆರೆದಳು. ಒಳಗೆ ಏನೂ ಉಳಿದಿರಲಿಲ್ಲ. ಈ ಬಾಯಿ ಒಮ್ಮೆ ಮುಚ್ಚಬಾರದೇ ಎಂದು ಎಷ್ಟೋ ಸಲ ಅಂದುಕೊಂಡವಳು, ಅದರೊಳಗೆ ಇಣುಕುತ್ತಾ ಖುಷಿಗೆ ಅಳುತ್ತಾ ನಿಂತುಬಿಟ್ಟೆ.

"ನೋಡೋದು ಮುಗೀತೇನು?" ಎಂದಳು ಅತ್ತೆ. "ಲಗೂ ಇನ್ನೊಂದು ತುತ್ತು ಹಾಕು."