ಗೌಸ್‌ಗೆ ತೋರಿಸಿದ ಬೆಸುಗೆ

ಗೌಸ್, ಸರೋಜಮ್ಮನವರ ರೇಡಿಯೋ ಸುಟ್ಟದ್ದು ನಿನ್ನ ತಪ್ಪಿನಿಂದಲ್ಲ. ನಾನು ಬರೆದುಕೊಟ್ಟ ಸರ್ಕ್ಯೂಟ್ ಡಯಾಗ್ರಾಂ ತಪ್ಪಾಗಿತ್ತು. ಬೇಕೆಂದೇ ತಪ್ಪು ಬರೆದಿದ್ದೆ. ನೀನು ಫೋನ್ ಮಾಡಿ ಕೇಳಿದಾಗಲೂ ಸುಳ್ಳು ಹೇಳಿದೆ. ಆಮೇಲೆ ಮಾಡಿದ್ದು ಇದಕ್ಕಿಂತ ಕೆಟ್ಟದ್ದು — ಅದನ್ನು ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ನೀನು ತೀರಿಕೊಂಡು ವರ್ಷಗಳಾದವು. ಇದು ನಿನ್ನ ಕಿವಿಗೆ ಬೀಳುವುದಿಲ್ಲವೆಂದು ಗೊತ್ತಾದ ಮೇಲೆಯೇ ನನಗೆ ಬಾಯಿ ಬಂದಿದೆ. ನಾನು ಎಂಥವನೆಂದು ಇಷ್ಟರಿಂದಲೇ ತಿಳಿಯಬಹುದು.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕು, ಓದುವ ಬೇರೆಯವರಿಗಾಗಿ. ಗುಬ್ಬಿಯಲ್ಲಿ ನನ್ನ ರಿಪೇರಿ ಅಂಗಡಿ, ಕುಣಿಗಲ್‌ನಲ್ಲಿ ನಿನ್ನದು. ತೊಂಬತ್ತರ ದಶಕದಲ್ಲಿ ಜನ ಟಿ.ವಿ. ಹಿಂದೆ ಬಿದ್ದಿದ್ದರು, ಹಳೆಯ ವಾಲ್ವ್ ರೇಡಿಯೋ ಮುಟ್ಟುವವರು ನಮ್ಮಂಥ ಕೆಲವರೇ ಉಳಿದಿದ್ದೆವು. ಆ ರೇಡಿಯೋಗಳ ಡಯಾಗ್ರಾಂ ಎಲ್ಲೂ ಸಿಗುತ್ತಿರಲಿಲ್ಲ. ಸೆಟ್ಟಿನ ಹಿಂಬದಿಯ ರಟ್ಟಿನ ಒಳಗೆ ಅಂಟಿಸಿದ ಹಾಳೆಯೇ ಗತಿ, ಅದನ್ನೂ ಎಷ್ಟೋ ಸಲ ಜಿರಲೆ ತಿಂದಿರುತ್ತಿತ್ತು. ಹಾಗಾಗಿ ಸಿಕ್ಕವರು ಟ್ರೇಸಿಂಗ್ ಪೇಪರಿನಲ್ಲಿ ನಕಲು ತೆಗೆದು, ಹಳೆಯ ನ್ಯೂಸ್‌ಪೇಪರಿನಲ್ಲಿ ಸುರುಳಿ ಸುತ್ತಿ, ಬಸ್ ಕಂಡಕ್ಟರ್ ಕೈಲಿ ಕೊಟ್ಟು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದೆವು.

ತುಮಕೂರಿನಲ್ಲಿ ನನಗೆ ಕೆಲಸ ಕಲಿಸಿದವರು ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದರು. ನಕಲು ಕೊಡುವಾಗ ಎಲ್ಲಾದರೂ ಒಂದು ಕಡೆ ಅಂಕಿ ತಪ್ಪು ಬರೆಯಬೇಕು. ಅದಕ್ಕೆ ಅವರು ‘ಉಪ್ಪು ಕಮ್ಮಿ ಹಾಕೋದು’ ಎನ್ನುತ್ತಿದ್ದರು. ತೆಗೆದುಕೊಂಡವನು ಒದ್ದಾಡಿ ವಾಪಸ್ ಬರಬೇಕು, ನಾವು ನಗುತ್ತಾ ಸರಿಯಾದದ್ದನ್ನು ಹೇಳಬೇಕು, ಅವನು ಯಾವಾಗಲೂ ನಮ್ಮ ಕೈಕೆಳಗೇ ಇರಬೇಕು. ನಿನಗೆ ಈ ಆಟ ಗೊತ್ತಿರಲಿಲ್ಲ. ನೀನು ಕಳಿಸಿದ ನಕಲಿನಲ್ಲಿ ಒಂದು ಚುಕ್ಕಿಯೂ ಆಚೀಚೆ ಇರುತ್ತಿರಲಿಲ್ಲ. ನಾನೂ ನಿನ್ನ ಹತ್ತಿರ ಅದನ್ನು ಆಡಿರಲಿಲ್ಲ, ಸರೋಜಮ್ಮನವರ ರೇಡಿಯೋ ಬರುವ ತನಕ.

ಹುಲಿಯೂರುದುರ್ಗದ ಆ ನಿವೃತ್ತ ಟೀಚರ್, ತೀರಿಕೊಂಡ ಗಂಡನ ರೇಡಿಯೋವನ್ನು ಮೊದಲು ತಂದದ್ದು ನನ್ನ ಹತ್ತಿರ. ಮತ್ತೆ ಹಾಡಿಸಿಕೊಡಿ ಎಂದು ಕೇಳಿಕೊಂಡಿದ್ದರು. ನಾನು ಅದನ್ನು ಮೇಜಿನ ಕೆಳಗೆ ತಳ್ಳಿ ತಿಂಗಳುಗಟ್ಟಲೆ ಮರೆತೆ. ಮರೆಯದೆ ಮಾಡಿದ್ದು ಒಂದೇ — ಒಳಗಿದ್ದ ಹಾಳೆಯನ್ನು ನೀರು ಸವರಿ ಬಿಡಿಸಿ, ಸದ್ದಿಲ್ಲದೆ ನನ್ನ ಸಂಗ್ರಹಕ್ಕೆ ಸೇರಿಸಿಕೊಂಡದ್ದು. ಆಕೆ ಕಾದು ಬೇಸತ್ತು ಸೆಟ್ಟನ್ನು ನಿನಗೆ ಕೊಟ್ಟರು. ನೀನು ಅದೇ ಹಾಳೆಯನ್ನು ಹುಡುಕುತ್ತಾ ನನಗೆ ಹೇಳಿ ಕಳಿಸಿದೆ.

ನನ್ನಲ್ಲಿ ಧೂಳು ತಿಂದ ಸೆಟ್ಟು ನಿನ್ನ ಕೈಲಿ ಹಾಡಿಬಿಟ್ಟರೆ — ಹೊಟ್ಟೆ ಉರಿಯಿತು, ಬೇರೆ ಮಾತೇಕೆ. ನಕಲು ಬರೆದೆ. ಕೊನೆಯ ವಾಲ್ವಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ರೆಸಿಸ್ಟರಿನ ಬಳಿ ನಾನೂರ ಎಪ್ಪತ್ತು ಓಮ್ಸ್ ಎಂದಿತ್ತು. ಸೊನ್ನೆ ಬಿಟ್ಟು ನಲವತ್ತೇಳು ಎಂದು ಬರೆದೆ. ಆ ಅಂಕಿ ಇಳಿದಷ್ಟೂ ಹರಿಯುವ ಕರೆಂಟು ಏರುತ್ತದೆ. ನಿನ್ನ ಸೆಟ್ಟಿನಲ್ಲಿ ಆ ರೆಸಿಸ್ಟರು ಕರಕಲಾಗಿ ಬಣ್ಣದ ಗೆರೆಗಳೇ ಅಳಿಸಿಹೋಗಿದ್ದವು. ನನ್ನ ಅಂಕಿ ಬಿಟ್ಟರೆ ನಿನಗೆ ಬೇರೆ ಆಧಾರ ಇರಲಿಲ್ಲ.

ಸುರುಳಿ ತಲುಪಿದ ದಿನವೇ ನೀನು ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದೆ.

“ಅಣ್ಣ, ನಲವತ್ತೇಳು ಅಂತ ಬರ್ದಿದೀರ. ಅಲ್ಲಿ ಇನ್ನೊಂದ್ ಸೊನ್ನೆ ಇರ್ಬೇಕಲ್ವಾ?”

ಆಟ ಅಲ್ಲಿಗೇ ಮುಗಿಯಬೇಕಿತ್ತು. ಹೌದು ಕಣೋ ಎಂದು ನಕ್ಕುಬಿಟ್ಟಿದ್ದರೆ — ಆದರೆ ನೀನು ಒದ್ದಾಡಲೇ ಇಲ್ಲ. ಒಂದೇ ನೋಟಕ್ಕೆ ಹಿಡಿದುಬಿಟ್ಟಿದ್ದೆ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

“ಇಲ್ಲ ಕಣೋ. ಆ ಸೆಟ್ಟೇ ಹಂಗೆ. ಬರ್ದಿರೋದನ್ನ ಹಾಕು.”

“ನೀವ್ ಹೇಳಿದ್ಮೇಲೆ ಮುಗೀತು ಬಿಡಿ ಅಣ್ಣ” ಎಂದು ನೀನು ಫೋನ್ ಇಟ್ಟೆ.

ರೇಡಿಯೋ ಹಾಡಿತು. ಕೆಲವು ದಿನ ಜೋರಾಗಿಯೇ ಹಾಡಿತಂತೆ; ಸರೋಜಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೇಳಿಸಿದರಂತೆ. ಒಂದು ಬೆಳಗ್ಗೆ ವಾರ್ತೆ ನಡೆಯುತ್ತಿದ್ದಾಗ ಒಳಗೆ ಟ್ರಾನ್ಸ್‌ಫಾರ್ಮರ್ ಕಾದು ಹೊಗೆ ಎದ್ದು, ಹಿಂಬದಿಯ ರಟ್ಟು ಹೊತ್ತಿಕೊಂಡಿತು. ಊರುಗಳ ಹೆಸರು ಬರೆದಿದ್ದ ಡಯಲ್ ಗಾಜು ಸಿಡಿದು ಚೂರಾಯಿತು. ಅಂಥ ಗಾಜು ಇನ್ನೆಲ್ಲಿ ಸಿಗುತ್ತದೆ. ಆಕೆ ನಿನ್ನನ್ನು ಬೈಯಲಿಲ್ಲವಂತೆ. ಸುಮ್ಮನೆ ಬಟ್ಟೆಯಲ್ಲಿ ಚೂರು ಗುಡ್ಡೆ ಮಾಡುತ್ತಾ ಕೂತರಂತೆ.

ನೀನು ಆ ಕರಕಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದೆ. ಜಗಳಕ್ಕೆ ಬಂದೆಯೆಂದು ನಾನು ಅಂದುಕೊಂಡೆ. ನೀನು ಬಂದದ್ದು ಕಲಿಯುವುದಕ್ಕೆ.

“ನಾನ್ ಎಲ್ಲಿ ತಪ್ಪಿದೀನಿ ನೋಡಿ ಅಣ್ಣ. ಎಷ್ಟ್ ಹುಡುಕಿದ್ರೂ ನಂಗೆ ಸಿಗ್ತಿಲ್ಲ.”

ನನ್ನ ನಕಲಿನ ಮೇಲೆ ನಿನಗೆ ಅನುಮಾನದ ಎಳೆಯೂ ಇರಲಿಲ್ಲ. ನಾನು ಕನ್ನಡಕ ಏರಿಸಿ, ಸೆಟ್ಟಿನೊಳಗಿನ ತಗಡಿನ ಚಾಸಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಿನ್ನ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತು ಗೌಸ್ — ಒಂದೊಂದು ಬೆಸುಗೆಯೂ ಸಾಸಿವೆ ಕಾಳಿನ ಹಾಗೆ ದುಂಡಗೆ ಕೂತಿತ್ತು. ಸುಟ್ಟ ಮೇಲೂ ಅದು ಕಾಣುತ್ತಿತ್ತು. ಅದರಲ್ಲೇ ಒಂದರ ಮೇಲೆ ಬೆರಳಿಟ್ಟೆ.

“ಇಲ್ನೋಡು. ಬೆಸುಗೆ ಹರಡಿ ಪಕ್ಕದ ಪಿನ್ನಿಗೆ ತಾಗ್ಬುಟ್ಟಿದೆ. ಕಾಣಲ್ವಾ?”

ನೀನು ಬಗ್ಗಿ ನೋಡಿದೆ. ಬಾಗಿಲ ಬೆಳಕಿಗೆ ಒಯ್ದು ನೋಡಿದೆ. ಶರ್ಟಿನ ಅಂಚಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.

“ಕಾಣ್ತಿಲ್ಲ ಅಣ್ಣ.”

ನೀನು ಮೀಟರ್ ಹಚ್ಚಿ, ಎರಡೂ ತಾಗಿಲ್ಲವೆಂದು ಕಂಡುಕೊಂಡುಬಿಟ್ಟರೆ ಎಂಬ ಭಯಕ್ಕೆ, ಸ್ಕ್ರೂಡ್ರೈವರಿನಿಂದ ಆ ಜಾಗವನ್ನು ಕೆರೆದುಬಿಟ್ಟೆ. ನೀನು ಚಾಸಿಯನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿದೆ. ಆಮೇಲೆ, ಇನ್ನು ನಾನು ಈ ಕೆಲಸ ಮುಟ್ಟಬಾರದು, ಯಾರ ಮನೆಗಾದರೂ ಬೆಂಕಿ ಬಿದ್ದೀತು ಎಂದು ನೀನೇ ಹೇಳಿದೆ. ನಾನು ತಡೆಯಲಿಲ್ಲ. ಟೀ ತರಿಸಿದೆ.

ನೀನು ಅಂಗಡಿ ಮುಚ್ಚಿ ಭಾವಮೈದುನನ ಚಪ್ಪಲಿ ಅಂಗಡಿಯಲ್ಲಿ ಕೂತೆ. ನಿನ್ನ ಬಳಿಯಿದ್ದ ಡಯಾಗ್ರಾಂಗಳನ್ನೆಲ್ಲ ಗಂಟು ಕಟ್ಟಿ ಬಸ್ಸಿನಲ್ಲಿ ನನಗೇ ಕಳಿಸಿದೆ, ಅಣ್ಣನ ಹತ್ತಿರ ಇದ್ದರೆ ಉಪಯೋಗವಾದರೂ ಆಗುತ್ತದೆ ಎಂದು. ಆ ಗಂಟನ್ನು ಬಿಚ್ಚಿ ವರ್ಷಗಟ್ಟಲೆ ದುಡಿದವನು ನಾನು. ಹೆಸರೂ ಮಾಡಿದೆ.

ನೀನು ತೀರಿಕೊಂಡ ಮೇಲೆ ನಾನು ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಮಗಳು ಶಬಾನಾ ಮಾತಿನ ನಡುವೆ ಹೇಳಿದಳು — ಬಲವಂತ ಮಾಡಿ ನಿನ್ನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದೊಯ್ದಿದ್ದಳಂತೆ.

“ಕಣ್ಣು ಚೆನ್ನಾಗೇ ಇದೆ ಅಂದ್ರು ಅಂಕಲ್. ಅಬ್ಬಾ ನಂಬ್ಲೇ ಇಲ್ಲ. ಅಣ್ಣ ಬೆರಳಿಟ್ ತೋರ್ಸಿದ್ದೇ ನಂಗೆ ಕಾಣ್ಲಿಲ್ಲ, ಡಾಕ್ಟರಿಗೇನ್ ಗೊತ್ತು ಅಂತಿದ್ರು.”

ಆಗಲೂ ನಾನು ಬಾಯಿ ಬಿಡಲಿಲ್ಲ. ಹೂಂಗುಟ್ಟಿ, ಬಸ್ ಹತ್ತಿ ಗುಬ್ಬಿಗೆ ಬಂದೆ. ಆಮೇಲೆ ಒಂದು ಸೆಟ್ಟಿಗೂ ಕೈ ಹಚ್ಚಲು ಆಗಿಲ್ಲ. ಇದನ್ನು ಪಶ್ಚಾತ್ತಾಪವೆಂದು ಹೇಳಿಕೊಳ್ಳುವುದಿಲ್ಲ.

ಈ ಹಾಳೆಗಳನ್ನು ನಿನ್ನ ಮಗಳಿಗೆ ಓದಿ ಹೇಳುತ್ತೇನೆ. ಅವಳು ಬಾಗಿಲು ಹಾಕಿಕೊಂಡರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡಬೇಕಾದವನು ನೀನು, ನೀನಿಲ್ಲ. ಒಂದನ್ನು ಮಾತ್ರ ಅವಳು ತಿಳಿಯಬೇಕು. ಅವಳ ಅಬ್ಬಾನ ಕಣ್ಣು ಕೊನೆಯವರೆಗೂ ಚೆನ್ನಾಗಿತ್ತು. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಕಾಣುವುದಕ್ಕೆ ಏನೂ ಇರಲಿಲ್ಲ.